ಗುಲಮೊಹರ ಮರವು ಹೂ ಬಿಡುವ ಕ್ರಮ

ಚೈತ್ರ ಕಳೆದು ವೈಶಾಖವು ಕಾಲಿಡುತ್ತಲೆ ಹುಬ್ಬಳ್ಳಿ ಧಾರವಾಡಗಳ ಬೀದಿಗಳಲ್ಲಿಯೂ, ಶಾಲೆ ಕಾಲೇಜುಗಳ ಆವರಣಗಳಲ್ಲಿಯೂ, ಹಳೆಯ ಬಂಗಲೆಗಳ ಅಂಗಳಗಳಲ್ಲಿಯೂ ಗುಲಮೊಹರ ಮರಗಳು ಮೈತುಂಬ ಕೆಂಪು ಹೂ ತಳೆದು ನಿಲ್ಲುತ್ತವೆ. ಎರೆಯ ಹೊಲಗಳು ಬಿರುಕು ಬಿಟ್ಟು, ಕೆರೆಗಳ ನೀರು ಇಂಗಿ, ಹುಲ್ಲುಕಡ್ಡಿಗಳೆಲ್ಲ ಒಣಗಿರುವ ಆ ದಿನಗಳಲ್ಲಿ ಈ ಮರವು ಇಷ್ಟು ಹೂವನ್ನು ಎಲ್ಲಿಂದ ತಂದಿತೆಂದು ನೋಡುವವರಿಗೆ ಸೋಜಿಗವಾಗುವುದು ಸಹಜವೇ ಆಗಿದೆ. ಆದರೆ ಇದೇ ಕಾಲದಲ್ಲಿ ಇನ್ನೊಂದು ಮಾತೂ ಕೇಳಿಬರುವುದುಂಟು. ನೆರೆಮನೆಯ ಮರವು ಹೂವಿನಿಂದ ತುಂಬಿದೆ. ತಮ್ಮ ಮರದಲ್ಲಿ ಮಾತ್ರ ಹಸುರೆಲೆಯ ಹೊರತು ಬೇರೇನೂ ಇಲ್ಲ ಎಂದು ಕೆಲವರು ದೂರುತ್ತಾರೆ. ಎರಡು ಮೂರು ವರ್ಷ ಹೀಗೆಯೇ ಆದರೆ ಮರವು ಗೊಡ್ಡೆಂದು ನಿಶ್ಚಯಿಸಿ ಅದಕ್ಕೆ ಕೊಡಲಿ ಹಾಕಿಸುವವರೂ ಇದ್ದಾರೆ.

ಇಂಥ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ಮರದಲ್ಲಿರುವುದಿಲ್ಲ. ಅದರ ಟೊಂಗೆಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಕಡಿದದ್ದೋ, ಅದಕ್ಕೆ ಬೇಡದ ಕಾಲದಲ್ಲಿ ನೀರುಣಿಸಿದ್ದೋ ಹೂವಿಲ್ಲದಿರುವುದಕ್ಕೆ ಕಾರಣವಾಗಿರುತ್ತದೆ. ಆದುದರಿಂದ ಗುಲಮೊಹರವನ್ನು ಬೆಳೆಸಿದವರೂ ಬೆಳೆಸಬೇಕೆನ್ನುವವರೂ ಆ ಮರದ ವರ್ಷಕ್ರಮವನ್ನು ಮೊದಲು ಅರಿತುಕೊಳ್ಳುವುದು ಅವಶ್ಯವು.

ಮೂಲವೂ ಹೆಸರೂ

ಗುಲಮೊಹರವು ಈ ನಾಡಿನ ಮರವಲ್ಲ. ಅದರ ತವರು ಆಫ್ರಿಕಾ ಖಂಡದ ಮೂಡಲಿಗಿರುವ ಮಡಗಾಸ್ಕರ ದ್ವೀಪವು. ವೆಂಜೆಲ್ ಬೋಯರ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ಅಲ್ಲಿ ಕಂಡು ಹೊರಜಗತ್ತಿಗೆ ತಿಳಿಸಿದನು. 1829ನೆಯ ಇಸವಿಯಲ್ಲಿ ಅದರ ವರ್ಣನೆಯು ‘ಪಾಯಿನ್ಸಿಯಾನಾ ರೀಜಿಯಾ’ ಎಂಬ ಹೆಸರಿನಿಂದ ಇಂಗ್ಲಂಡದಲ್ಲಿ ಪ್ರಕಟವಾಯಿತು. ಮುಂದೆ 1837ರಲ್ಲಿ ರಾಫಿನೆಸ್ಕ್ ಎಂಬವನು ಅದನ್ನು ‘ಡೆಲೊನಿಕ್ಸ್’ ಎಂಬ ಬೇರೆ ಜಾತಿಗೆ ಸೇರಿಸಿದನು. ಅಂದಿನಿಂದ ಅದಕ್ಕೆ ಶಾಸ್ತ್ರೀಯವಾಗಿ ‘ಡೆಲೊನಿಕ್ಸ್ ರೀಜಿಯಾ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಡೆಲೊನಿಕ್ಸ್ ಎಂದರೆ ಎದ್ದು ಕಾಣುವ ಉಗುರುಳ್ಳದ್ದು ಎಂದರ್ಥ. ಹೂವಿನ ಪಕಳೆಗಳ ಬುಡವು ಸಪೂರವಾಗಿ ಉಗುರಿನಂತೆ ನೀಳವಾಗಿರುವುದರಿಂದ ಈ ಹೆಸರು ಬಂದಿದೆ. ರೀಜಿಯಾ ಎಂದರೆ ರಾಜಯೋಗ್ಯವಾದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮರವು ಭಾರತಕ್ಕೆ ಬಂದು, ಅಲ್ಪಕಾಲದಲ್ಲಿಯೇ ಉದ್ಯಾನಗಳಲ್ಲಿಯೂ ಸಾಲುಮರಗಳ ನಡುವೆಯೂ ನೆಲೆಗೊಂಡಿತು. ಕನ್ನಡದಲ್ಲಿ ಅದಕ್ಕೆ ಕೆಂಪು ತುರಾಯಿ, ದೊಡ್ಡ ರತ್ನಗಂಧಿ ಎಂಬ ಹೆಸರುಗಳಿವೆ. ಕಾಯಿಯು ಕತ್ತಿಯನ್ನು ಹೋಲುವುದರಿಂದ ಕತ್ತಿಕಾಯಿಯ ಮರವೆಂದೂ ಕರೆಯುವರು. ಮನೆಯಂಗಳಗಳಲ್ಲಿ ಬೆಳೆಸುವ ರತ್ನಗಂಧಿಯ ಪೊದೆಯು ಬೇರೆ. ಅದು ಹೆಚ್ಚು ಕಡಿಮೆ ವರ್ಷವಿಡೀ ಹೂ ಬಿಡುತ್ತದೆ. ಗುಲಮೊಹರವು ವರ್ಷಕ್ಕೊಂದೇ ಸಲ ಹೂ ಬಿಡುತ್ತದೆ. ಬಯಲುಸೀಮೆಯ ಜನರಿಗೆ ಪರಿಚಿತವಾದ ವಾತನಾರಾಯಣವು ಗುಲಮೊಹರದ ಸಮೀಪದ ಬಂಧುವು. ಎರಡರ ಎಲೆಗಳಲ್ಲಿಯೂ ಹೋಲಿಕೆಯಿದ್ದರೂ ವಾತನಾರಾಯಣದ ಹೂವು ಬಿಳಿದಾಗಿ ಅರಳಿ ಆಮೇಲೆ ಹಳದಿಗೆ ತಿರುಗುವುದರಿಂದ ಇವೆರಡನ್ನೂ ಸುಲಭವಾಗಿ ಗುರುತಿಸಬಹುದು.

ಮರದ ವರ್ಷಕ್ರಮ

ಮಡಗಾಸ್ಕರದಲ್ಲಿ ಈ ಮರವು ಸ್ವಾಭಾವಿಕವಾಗಿ ಬೆಳೆಯುವುದು ಎಲೆಯುದುರುವ ಒಣ ಕಾಡುಗಳಲ್ಲಿ. ಅಲ್ಲಿ ಅನೇಕ ತಿಂಗಳುಗಳ ಬರಗಾಲವಾದ ಮೇಲೆ ಮಳೆಗಾಲವು ಬರುತ್ತದೆ. ಆ ದ್ವೀಪವು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿನ ಬೇಸಗೆಯು ಇಲ್ಲಿನ ಚಳಿಗಾಲದಲ್ಲಿ ಬೀಳುತ್ತದೆ. ಅದಕ್ಕನುಸಾರವಾಗಿ ಆ ಕಡೆಯ ದ್ವೀಪಗಳಲ್ಲಿ ಗುಲಮೊಹರವು ಡಿಸೆಂಬರದ ಸುಮಾರಿಗೆ ಹೂತರೆ ಧಾರವಾಡದ ಕಡೆ ಮೇ ತಿಂಗಳಲ್ಲಿ ಹೂ ಬಿಡುತ್ತದೆ. ಇದರಿಂದ ತಿಳಿಯುವುದೇನೆಂದರೆ, ಈ ಮರವು ತಿಂಗಳ ಲೆಕ್ಕವನ್ನು ಅನುಸರಿಸುವುದಿಲ್ಲ. ಒಣ ಹವೆಯು ಮುಗಿದು ಮಳೆಯು ಬರುವ ಸಂಧಿಕಾಲವನ್ನೇ ಅನುಸರಿಸುತ್ತದೆ.

ಹುಬ್ಬಳ್ಳಿ ಧಾರವಾಡಗಳ ಹವಾಮಾನವು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 30 ಅಂಗುಲ ಮಳೆಯಾಗುವುದು. ಹುಬ್ಬಳ್ಳಿಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ನವೆಂಬರದಿಂದ ಮಾರ್ಚಿಯವರೆಗೆ ಮಳೆಯು ಬಹುತೇಕ ಇರುವುದಿಲ್ಲ. ಪಡುವಣಕ್ಕೆ ಮಲೆನಾಡಿನ ತೇವವಿರುವ ಕಡೆಗೆ ಹೋದಂತೆ ಮರದಲ್ಲಿ ಎಲೆಯು ಹೆಚ್ಚು ಕಾಲ ನಿಲ್ಲುವುದು. ಹೂವಿನ ಅಬ್ಬರವು ಅಷ್ಟರಮಟ್ಟಿಗೆ ಕಡಿಮೆಯಾಗುವುದು.

ಜೂನದಲ್ಲಿ ಮುಂಗಾರು ಆರಂಭವಾದ ಮೇಲೆ ಮರವು ತನ್ನ ಬಲವನ್ನೆಲ್ಲ ಎಲೆ ಮತ್ತು ಚಿಗುರುಗಳಿಗೆ ಹಾಕುತ್ತದೆ. ಶ್ರಾವಣ ಭಾದ್ರಪದಗಳಲ್ಲಿ ಟೊಂಗೆಗಳು ಉದ್ದವಾಗಿ ಬೆಳೆಯುತ್ತವೆ. ಒಂದೊಂದು ಎಲೆಯೂ ಒಂದರಿಂದ ಎರಡು ಅಡಿ ಉದ್ದವಿದ್ದು, ಹುಣಿಸೆಯ ಎಲೆಯಂಥ ನೂರಾರು ಕಿರಿಯ ಎಲೆಗಳಾಗಿ ಒಡೆದಿರುತ್ತದೆ. ಸಂಜೆಯಾಗುತ್ತಲೆ ಈ ಕಿರಿಯೆಲೆಗಳು ಮುದುಡಿಕೊಂಡು ಬೆಳಗಾದೊಡನೆ ಮತ್ತೆ ಹರಡುತ್ತವೆ. ಮಳೆಗಾಲದಲ್ಲಿ ಈ ಎಲೆಗಳು ಸಿದ್ಧಪಡಿಸಿದ ಆಹಾರವು ಕಾಂಡದಲ್ಲಿಯೂ ಬೇರಿನಲ್ಲಿಯೂ ಸಂಗ್ರಹವಾಗುವುದು. ಬೇಸಗೆಯಲ್ಲಿ ನೋಡುವವರನ್ನು ಸೋಜಿಗಗೊಳಿಸುವ ಹೂವಿಗೆ ಬಂಡವಾಳವು ಇದೇ. ಬರಿಯ ಮರವು ಬಿಸಿಲಿನಲ್ಲಿ ಹೂವನ್ನು ಹೊಸದಾಗಿ ಗಳಿಸುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಕೂಡಿಟ್ಟದ್ದನ್ನು ಖರ್ಚುಮಾಡುತ್ತದೆ.

ಹಿಂಗಾರು ಮಳೆ ನಿಂತ ಮೇಲೆ ಟೊಂಗೆಗಳ ಬೆಳವಣಿಗೆಯು ನಿಲ್ಲುವುದು. ಹೊಸ ಚಿಗುರುಗಳು ಬಲಿಯುವವು. ಚಳಿ ಕಳೆಯುತ್ತ ಬಂದಂತೆ ಎಲೆಗಳು ಹಳದಿಯಾಗಿ ಉದುರುತ್ತವೆ. ಮಹಾಶಿವರಾತ್ರಿಯಿಂದ ಯುಗಾದಿಯವರೆಗೆ ಅನೇಕ ಮರಗಳು ಬೋಳಾಗಿ, ಕಂದು ಬಣ್ಣದ ಕಾಯಿಗಳನ್ನು ಮಾತ್ರ ಜೋಲಿಬಿಟ್ಟುಕೊಂಡು ನಿಂತಿರುತ್ತವೆ. ಈ ಸ್ಥಿತಿಯನ್ನು ಕಂಡು ಮರವು ಒಣಗಿತೆಂದು ಭಾವಿಸಲಾಗದು. ಇದೇ ಕಾಲದಲ್ಲಿ ಬಲಿತ ಟೊಂಗೆಗಳ ತುದಿಗಳಲ್ಲಿ ಹೂವಿನ ಮೊಗ್ಗುಗಳಿಗೆ ಆರಂಭವಾಗುತ್ತದೆ. ಅಶ್ವಿನಿ ಭರಣಿ ಮಳೆಗಳ ಒಂದೆರಡು ಹನಿ ಬೀಳುವ ಹೊತ್ತಿಗೆ ಮೊಗ್ಗಿನ ಗೊಂಚಲುಗಳು ಕಣ್ಣಿಗೆ ಬೀಳುತ್ತವೆ. ಬಸವಜಯಂತಿಯ ಸುಮಾರಿಗೆ ಹೂ ಅರಳತೊಡಗಿ, ಮೇ ತಿಂಗಳಲ್ಲಿ ಭರಕ್ಕೆ ಬಂದು, ಕಾರಹುಣ್ಣಿಮೆಯ ಹೊತ್ತಿಗೆ ಮೃಗಶಿರಾ ಮಳೆಯಲ್ಲಿ ಬಹಳಷ್ಟು ಹೂವು ನೆಲಕ್ಕೆ ಬೀಳುವುದು. ಹೊಸ ಎಲೆಗಳು ಕೆಲವು ಮರಗಳಲ್ಲಿ ಹೂವಿನ ಜೊತೆಗೂ, ಕೆಲವುಗಳಲ್ಲಿ ಹೂವಿನ ತರುವಾಯವೂ ಬರುತ್ತವೆ. ಬೀಜದಿಂದ ಹುಟ್ಟಿದ ಮರಗಳಾದುದರಿಂದ ಒಂದೇ ಬೀದಿಯ ಎರಡು ಮರಗಳಲ್ಲಿ ಹದಿನೈದು ದಿನಗಳ ಅಂತರವಿದ್ದರೂ ಆಶ್ಚರ್ಯವಿಲ್ಲ.

ಹೂವಿನ ರಚನೆ

ಹೂವುಗಳು ಟೊಂಗೆಯ ತುದಿಯ ಬಳಿ ಗೊಂಚಲು ಗೊಂಚಲಾಗಿ ಬರುತ್ತವೆ. ಗೊಂಚಲಿನಲ್ಲಿ ಕೆಳಗಿನ ಹೂಗಳ ತೊಟ್ಟು ಉದ್ದವಾಗಿಯೂ ಮೇಲಿನವುಗಳ ತೊಟ್ಟು ಗಿಡ್ಡವಾಗಿಯೂ ಇರುವುದರಿಂದ ಹೂಗಳೆಲ್ಲ ಸುಮಾರಾಗಿ ಒಂದೇ ಮಟ್ಟಕ್ಕೆ ಬಂದು ತುರಾಯಿಯಂತೆ ಕಾಣುತ್ತವೆ. ಕೆಳಗಿನ ಮೊಗ್ಗುಗಳು ಮೊದಲು ಅರಳುತ್ತವೆ. ತುದಿಯವು ಕಡೆಗೆ ಅರಳುತ್ತವೆ. ಒಂದು ಹೂವಿನ ಆಯುಷ್ಯವು ಕೆಲವೇ ದಿನಗಳದ್ದಾದರೂ ಗೊಂಚಲಿನಲ್ಲಿ ದಿನವೂ ಹೊಸ ಹೂ ಅರಳುತ್ತಿರುವುದರಿಂದ ಮರವು ವಾರಗಟ್ಟಲೆ ಕೆಂಪಾಗಿಯೇ ಇರುವುದು.

ಅರಳಿದ ಹೂವು ನಾಲ್ಕೈದು ಅಂಗುಲ ಅಗಲವಿರುತ್ತದೆ. ಹೊರಗಡೆ ದಪ್ಪವಾದ ಐದು ಪುಷ್ಪಪತ್ರಗಳುಂಟು. ಅವು ಹೊರಮೈಯಲ್ಲಿ ಹಸುರು, ಒಳಮೈಯಲ್ಲಿ ಕೆಂಪು. ಮೊಗ್ಗಿನಲ್ಲಿ ಇವು ಅಂಚಿಗೆ ಅಂಚು ಕೂಡಿಕೊಂಡು ಪೆಟ್ಟಿಗೆಯಂತೆ ಒಳಗಿನದನ್ನು ಕಾಯುತ್ತವೆ. ಹೂ ಅರಳಿದಾಗ ಹಿಂದಕ್ಕೆ ಬಾಗುತ್ತವೆ. ಇವುಗಳ ಒಳಗೆ ಐದು ಪಕಳೆಗಳು. ನಾಲ್ಕು ಪಕಳೆಗಳು ಕೆಂಪಾಗಿ ಅಥವಾ ಕೇಸರಿಗೆಂಪಾಗಿ ಸುತ್ತಲೂ ಹರಡಿರುತ್ತವೆ. ಐದನೆಯದು ಮಾತ್ರ ನೆಟ್ಟಗೆ ನಿಂತಿರುತ್ತದೆ. ಅದರ ಮೇಲೆ ಬಿಳಿ ಅಥವಾ ಹಳದಿ ನೆಲದಲ್ಲಿ ಕೆಂಪು ಗೆರೆ ಚುಕ್ಕೆಗಳಿರುತ್ತವೆ. ಇದನ್ನು ಧ್ವಜದಳವೆನ್ನಬಹುದು. ಇದರ ಬುಡದ ಅಂಚುಗಳು ಒಳಕ್ಕೆ ಸುತ್ತಿಕೊಂಡು ಕೊಳವೆಯಂತಾಗಿ ಮಕರಂದಕ್ಕೆ ದಾರಿಯಾಗಿರುತ್ತವೆ. ಬಣ್ಣದ ಗೆರೆಗಳು ಕೀಟಗಳಿಗೆ ಆ ದಾರಿಯನ್ನು ತೋರಿಸುವ ಗುರುತುಗಳು. ಹೂವು ಹಳತಾದಂತೆ ಧ್ವಜದಳವು ಉಳಿದ ಪಕಳೆಗಳಿಗಿಂತ ಮೊದಲು ಸುರುಳಿಗೊಂಡು ಬಾಡುವುದು. ಉಳಿದ ನಾಲ್ಕು ಪಕಳೆಗಳು ಇನ್ನೂ ಕೆಲವು ದಿನ ನಿಂತು ಮರದ ಬಣ್ಣವನ್ನು ಕಾಯುತ್ತವೆ.

ಹೂವಿನ ನಡುವೆ ಒಂದಕ್ಕೊಂದು ಕೂಡದ ಹತ್ತು ಕೆಂಪು ಪುಂಕೇಸರಗಳೂ, ಅವುಗಳ ಮಧ್ಯದಲ್ಲಿ ಅಂಡಾಶಯವೂ ಇರುವವು. ಈ ಭಾಗದ ಮಕ್ಕಳಿಗೆ ಸಸ್ಯಶಾಸ್ತ್ರವು ತಿಳಿಯದಿದ್ದರೂ ಹೂವಿನ ಅಂಗಗಳು ಚೆನ್ನಾಗಿ ತಿಳಿದಿರುತ್ತವೆ. ಎರಡು ಕೇಸರಗಳ ತಲೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಜಗ್ಗಿ, ಯಾರ ಕೇಸರದ ತಲೆ ಹಾರುವುದೋ ಅವರು ಸೋತಂತೆ ಎಂದು ಆಡುವರು. ಪುಷ್ಪಪತ್ರಗಳನ್ನು ಸೀಳಿ ಬೆರಳುಗಳಿಗೆ ಅಂಟಿಸಿಕೊಂಡು ಉದ್ದುಗುರು ಬೆಳೆಸಿಕೊಂಡಂತೆ ನಟಿಸುವರು.

ಚಿಟ್ಟೆಗಳು, ಜೇನುಹುಳುಗಳು, ಸೂರಕ್ಕಿಗಳು ಮಕರಂದಕ್ಕಾಗಿ ಈ ಹೂವಿಗೆ ಬರುತ್ತವೆ. ಸಾವಿರಾರು ಹೂ ಅರಳಿದರೂ ಅವುಗಳಲ್ಲಿ ಸ್ವಲ್ಪವೇ ಕಾಯಿಕಚ್ಚುವವು. ಕಾಯಿಯು ಒಂದರಿಂದ ಎರಡು ಅಡಿ ಉದ್ದ, ಸುಮಾರು ಎರಡು ಅಂಗುಲ ಅಗಲವಾಗಿ ಚಪ್ಪಟೆಯಾಗಿರುವುದು. ಮೊದಲು ಹಸುರಾಗಿದ್ದು, ಬಲಿತ ಮೇಲೆ ಕಟ್ಟಿಗೆಯಂತೆ ಗಟ್ಟಿಯಾಗಿ ಕರಿಗಂದು ಬಣ್ಣಕ್ಕೆ ತಿರುಗುವುದು. ಒಳಗೆ ಬೀಜಗಳು ಒಂದೊಂದು ಕುಳಿಯಲ್ಲಿ ಒಂದೊಂದಾಗಿ ಅಡ್ಡಲಾಗಿ ಕುಳಿತಿರುತ್ತವೆ. ಒಣಗಿದ ಕಾಯಿಗಳು ಬಹುಕಾಲ ಮರದಲ್ಲಿಯೇ ನಿಲ್ಲುತ್ತವೆ. ಉದುರಿದವು ಒಲೆಯ ಉರುವಲಿಗೆ ಬರುತ್ತವೆ.

ಹೂ ಬಿಡದಿರಲು ಕಾರಣಗಳು

ಮೊದಲನೆಯ ಕಾರಣವು ಮರದ ವಯಸ್ಸು. ಬೀಜದಿಂದ ಬೆಳೆದ ಸಸಿಯು ಮೊದಲ ಹೂವನ್ನು ತೋರಿಸಲು ಸಾಮಾನ್ಯವಾಗಿ ಐದಾರು ವರ್ಷಗಳಾದರೂ ಬೇಕು. ಕೆಲವು ಮರಗಳು ಹತ್ತು ವರ್ಷಗಳವರೆಗೂ ಕಾಯಿಸುತ್ತವೆ. ಅಷ್ಟರೊಳಗೆ ಅವಸರಪಡುವುದು ಸಲ್ಲದು.

ಎರಡನೆಯದು ನೆರಳು. ಎತ್ತರದ ಕಟ್ಟಡಗಳ ಮರೆಯಲ್ಲಿಯೋ ಆಲ, ಮಾವುಗಳಂಥ ದಟ್ಟವಾದ ಮರಗಳ ಕೆಳಗೋ ಇರುವ ಗುಲಮೊಹರವು ಬೆಳಕನ್ನರಸಿ ಉದ್ದಕ್ಕೆ ಬೆಳೆಯುವುದೇ ಹೊರತು ತುಂಬಿ ಹೂ ಬಿಡುವುದಿಲ್ಲ.

ಮೂರನೆಯದು ಅತಿ ಉಪಚಾರ. ಅಂಗಳದಲ್ಲಿ ಹುಲ್ಲುಹಾಸನ್ನು ಬೆಳೆಸಿ ಬೇಸಗೆಯಲ್ಲಿಯೂ ದಿನಾಲು ನೀರು ಬಿಡುವ ಕಡೆ, ಅಥವಾ ಸಾರಜನಕವುಳ್ಳ ಗೊಬ್ಬರವನ್ನು ಹೆಚ್ಚಾಗಿ ಹಾಕುವ ಕಡೆ, ಮರಕ್ಕೆ ವಿಶ್ರಾಂತಿಯ ಕಾಲವೇ ದೊರೆಯುವುದಿಲ್ಲ. ಅದು ಎಲೆಯುದುರಿಸದೆ ಹಸುರಾಗಿಯೇ ಉಳಿದು ಹೂವನ್ನು ಕಡಿಮೆ ಮಾಡುವುದು. ಬೆಳೆದ ಮರಕ್ಕೆ ಮಾಘದಿಂದ ಚೈತ್ರದವರೆಗೆ ಬೇರೆ ನೀರು ಕೊಡಬೇಕಾದುದಿಲ್ಲ.

ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಆದ ಕಾರಣವು ಅಕಾಲದಲ್ಲಿ ಟೊಂಗೆ ಕಡಿಯುವುದು. ಹೂವು ಬರುವುದು ಹಿಂದಿನ ಮಳೆಗಾಲದಲ್ಲಿ ಬೆಳೆದು ಬಲಿತ ಟೊಂಗೆಗಳ ತುದಿಯಲ್ಲಿ ಎಂಬುದನ್ನು ಮೇಲೆ ಹೇಳಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಮರವು ಬೋಳಾಗಿರುವುದರಿಂದ ಕಡಿಯುವವರಿಗೆ ಅದೇ ಅನುಕೂಲವಾದ ಕಾಲವಾಗಿ ತೋರುತ್ತದೆ. ಮಳೆಗಾಲದ ಮೊದಲು ವಿದ್ಯುತ್ ತಂತಿಗಳಿಗೆ ತಾಗುವ ಟೊಂಗೆಗಳನ್ನು ತೆಗೆಯುವ ಕೆಲಸವೂ ಬೇಸಗೆಯಲ್ಲಿಯೇ ನಡೆಯುತ್ತದೆ. ಆಗ ತುದಿಗಳನ್ನು ಸವರಿದರೆ ಆ ವರ್ಷದ ಹೂವನ್ನೇ ಸವರಿದಂತಾಯಿತು. ಇದನ್ನು ವರ್ಷ ವರ್ಷವೂ ಮಾಡಿದರೆ ಮರವು ಎಂದಿಗೂ ಹೂ ಬಿಡಲಾರದು. ಮನೆಯವರು ಅದನ್ನು ಗೊಡ್ಡೆನ್ನುವುದೂ ತಪ್ಪಲಾರದು.

ಟೊಂಗೆ ತೆಗೆಯುವ ಸರಿಯಾದ ಕಾಲವೂ ಕ್ರಮವೂ

ಗುಲಮೊಹರದ ಕಟ್ಟಿಗೆಯು ಮೆದುವಾದುದು. ಟೊಂಗೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಬಿರುಗಾಳಿಗಳೊಂದಿಗೆ ಬರುವ ಮಳೆಯು ಹೂವಿನಿಂದ ಭಾರವಾದ ಮರವನ್ನು ಹೊಡೆದಾಗ ಅಪಾಯವು ಇನ್ನೂ ಹೆಚ್ಚು. ಆದಕಾರಣ ತಂತಿಯ ಹತ್ತಿರದ ಟೊಂಗೆಗಳನ್ನು ತೆಗೆಯಲೇಬಾರದೆಂದು ಹೇಳುವುದು ಸರಿಯಲ್ಲ. ಅದು ಜನರ ಪ್ರಾಣರಕ್ಷಣೆಯ ವಿಷಯವಾಗಿದೆ. ಒಣಗಿದ, ಸೀಳಿದ, ಜೋತಾಡುವ ಟೊಂಗೆಗಳನ್ನು ಯಾವ ತಿಂಗಳಲ್ಲಾದರೂ ಕೂಡಲೆ ತೆಗೆದುಹಾಕತಕ್ಕದ್ದು. ಆದರೆ ಆರೋಗ್ಯವಾಗಿರುವ ಟೊಂಗೆಗಳನ್ನು ಸವರುವ ಕೆಲಸವನ್ನು ಬೇಸಗೆಯಿಂದ ತೆಗೆದು, ಹೂವು ಮುಗಿದ ಕೂಡಲೆ, ಅಂದರೆ ಜೂನದ ಕೊನೆಯಿಂದ ಜುಲೈ ತಿಂಗಳೊಳಗೆ, ಮಳೆಯು ಹೊಳವಾದ ದಿನಗಳನ್ನು ನೋಡಿ ಮುಗಿಸಬೇಕು. ಆಗ ಗಾಯಗಳು ಬೇಗ ಮಾಯಲಾರಂಭಿಸುವವು. ಮಿಕ್ಕ ಮಳೆಗಾಲದಲ್ಲಿ ಬರುವ ಹೊಸ ಚಿಗುರುಗಳು ಬಲಿತು ಮುಂದಿನ ಬೇಸಗೆಯಲ್ಲಿ ಹೂ ಹೊರಲು ಸಿದ್ಧವಾಗುವವು. ಹೀಗೆ ಮಾಡಿದ ಕಡೆ ಮರುವರ್ಷದ ಬಿರುಗಾಳಿಗೆ ಮೊದಲೇ ತಂತಿಯ ದಾರಿಯು ನಿರ್ವಿಘ್ನವಾಗಿಯೂ ಇರುವುದು.

ಮರದ ತಲೆಯನ್ನೆಲ್ಲ ಒಂದೇ ಏಟಿಗೆ ಬೋಳಿಸುವ ಪದ್ಧತಿಯು ತೀರ ಕೆಟ್ಟದ್ದು. ಬೋಳಿಸಿದ ಕಡೆಗಳಿಂದ ಒತ್ತಾಗಿ ಏಳುವ ಎಳೆಯ ಟೊಂಗೆಗಳಿಗೆ ಕಾಂಡದಲ್ಲಿ ಗಟ್ಟಿಯಾದ ಹಿಡಿತವಿರುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಅವೇ ಮೊದಲು ಮುರಿದು ಬೀಳುವವು. ಸಸಿಯಿದ್ದಾಗಲೇ ಕೆಳಗಿನ ಟೊಂಗೆಗಳನ್ನು ಕ್ರಮವಾಗಿ ತೆಗೆದು, ಎಂಟು ಹತ್ತು ಅಡಿಯವರೆಗೆ ಒಂದೇ ಕಾಂಡವನ್ನು ಬಿಟ್ಟು, ತೀರ ಇಕ್ಕಟ್ಟಾಗಿ ಕವಲೊಡೆದ ಟೊಂಗೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡರೆ ಮುಂದೆ ಕಡಿಯುವ ಕೆಲಸವೇ ಕಡಿಮೆಯಾಗುವುದು.

ದಪ್ಪ ಟೊಂಗೆಯನ್ನು ತೆಗೆಯುವಾಗ ಮೊದಲು ಅದರ ಕೆಳಮೈಗೆ ಗರಗಸದಿಂದ ಕಚ್ಚು ಮಾಡಿ, ಆಮೇಲೆ ಸ್ವಲ್ಪ ಹೊರಗಡೆ ಮೇಲಿನಿಂದ ಕೊಯ್ಯಬೇಕು. ಇಲ್ಲವಾದರೆ ಟೊಂಗೆಯು ತನ್ನ ಭಾರದಿಂದ ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುವುದು. ಉಳಿದ ತುಂಡನ್ನು ಟೊಂಗೆಯ ಬುಡದ ಉಬ್ಬಿಗೆ ಹೊರಗಾಗಿ ಕೊಯ್ದು ತೆಗೆಯಬೇಕು. ಆ ಉಬ್ಬನ್ನು ಕೆತ್ತಬಾರದು. ಗಾಯವು ಮುಚ್ಚಿಕೊಳ್ಳುವುದು ಅದರಿಂದಲೇ. ಡಾಂಬರು ಬಳಿಯುವ ರೂಢಿಯಿಂದ ವಿಶೇಷ ಪ್ರಯೋಜನವಿಲ್ಲ.

ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

ಈ ಮರವು 30ರಿಂದ 40 ಅಡಿ ಎತ್ತರ ಬೆಳೆದು, ಅಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚು ಅಗಲಕ್ಕೆ ಕೊಡೆಯಂತೆ ಹರಡುತ್ತದೆ. ಬೇರುಗಳು ಆಳಕ್ಕೆ ಹೋಗುವುದಕ್ಕಿಂತ ಮೇಲ್ಮಣ್ಣಿನಲ್ಲಿಯೇ ದೂರದೂರಕ್ಕೆ ಹಬ್ಬುತ್ತವೆ. ಆದುದರಿಂದ ಮನೆಯ ಗೋಡೆ, ಭಾವಿ, ನೀರಿನ ಕೊಳವೆಗಳಿಂದ 25–30 ಅಡಿ ದೂರದಲ್ಲಿ ಹಚ್ಚಬೇಕು. ಮರದಿಂದ ಮರಕ್ಕೆ 30–40 ಅಡಿ ಅಂತರವಿರಬೇಕು. ಬೇರುಗಳು ಮೇಲೆಯೇ ಇರುವುದರಿಂದ ರಸ್ತೆಯ ಅಂಚಿನಲ್ಲಿ ಕಾಲುವೆ ತೋಡಿ ಒಂದು ಮಗ್ಗುಲಿನ ಬೇರುಗಳನ್ನು ಕತ್ತರಿಸಿದರೆ, ಅಥವಾ ಕಾಂಡದ ಬುಡದವರೆಗೆ ಕಾಂಕ್ರೀಟು ಹಾಸಿದರೆ, ಹೊರಗೆ ಹಸುರಾಗಿ ಕಾಣುವ ಮರವು ಮುಂದಿನ ಗಾಳಿಮಳೆಗೆ ಬುಡಸಹಿತ ಉರುಳುವ ಸಂಭವವುಂಟು. ಬುಡದ ಸುತ್ತ ನಾಲ್ಕೈದು ಅಡಿಯಾದರೂ ಬರಿಯ ಮಣ್ಣನ್ನು ಬಿಡುವುದು ಅವಶ್ಯವು.

ಹೊಲದ ಬದುವಿನ ಮೇಲೆ ಗುಲಮೊಹರವನ್ನು ಹಚ್ಚುವುದು ಒಕ್ಕಲಿಗರಿಗೆ ಹಿತಕರವಲ್ಲ. ಮೇಲ್ಮಣ್ಣಿನ ಬೇರುಗಳು ಪೈರಿನ ನೀರು ಗೊಬ್ಬರಗಳಿಗೆ ಪಾಲುದಾರರಾಗುವವು. ನೆರಳಿನಲ್ಲಿ ಬೆಳೆಯು ಸೊರಗುವುದು. ಬದುವಿಗೆ ಬೇವು, ಹೊಂಗೆ, ವಾತನಾರಾಯಣಗಳೇ ಮೇಲು. ಇವುಗಳ ಸೊಪ್ಪು ಹಸುರುಗೊಬ್ಬರಕ್ಕೂ ಆಗುವುದು. ತಂತಿಗಳ ಕೆಳಗೆ ರತ್ನಗಂಧಿ, ದೇವಕಣಗಿಲೆಗಳಂಥ ಚಿಕ್ಕ ಗಿಡಗಳು ಯೋಗ್ಯವಾದವು. ಬೀದಿಗಳಲ್ಲಿಯೂ ಒಂದೇ ಜಾತಿಯನ್ನು ಉದ್ದಕ್ಕೂ ಹಚ್ಚದೆ, ಕಕ್ಕೆ, ಹೊಳೆದಾಸವಾಳ, ಹೊಂಗೆಗಳನ್ನು ನಡುನಡುವೆ ಬೆರೆಸುವುದು ಒಳ್ಳೆಯದು.

ಹುಬ್ಬಳ್ಳಿ ಧಾರವಾಡಗಳ ನಡುವಣ ಹೆದ್ದಾರಿಯನ್ನು ತ್ವರಿತ ಬಸ್ ಸಾರಿಗೆಗಾಗಿ ಅಗಲಗೊಳಿಸಿದಾಗ ಅಂಚಿನ ಅನೇಕ ಮರಗಳು ಹೋದವು. ಆ ಬಸ್ಸುಗಳು 2018ರಲ್ಲಿ ಓಡತೊಡಗಿದವು. ಉಳಿದ ಹಳೆಯ ಮರಗಳ ಬೆಲೆಯು ಇದರಿಂದ ಹೆಚ್ಚಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ನಗರದೊಳಗಿನ ಮರವನ್ನು ಕಡಿಯಬೇಕಾದರೆ ವೃಕ್ಷಾಧಿಕಾರಿಗಳ ಅನುಮತಿಯು ಬೇಕು. ಮರವು ಸ್ವಂತ ಅಂಗಳದಲ್ಲಿದ್ದರೂ ಅನುಮತಿಯನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು.

ಸಸಿ ಮಾಡುವ ಕ್ರಮ

ಬೀಜದ ಸಿಪ್ಪೆಯು ಅತಿ ಗಟ್ಟಿಯಾದುದರಿಂದ ಹಾಗೆಯೇ ಬಿತ್ತಿದರೆ ಮೊಳೆಯಲು ಬಹಳ ಕಾಲ ಹಿಡಿಯುವುದು. ನೀರನ್ನು ಕುದಿಸಿ, ಒಲೆಯಿಂದ ಕೆಳಗಿಳಿಸಿ, ಬೀಜಗಳನ್ನು ಅದರಲ್ಲಿ ಹಾಕಿ, ಅದೇ ನೀರಿನಲ್ಲಿ ಮರುದಿನದವರೆಗೆ ಬಿಡಬೇಕು. ಉಬ್ಬಿದ ಬೀಜಗಳನ್ನು ಆರಿಸಿ ಬಿತ್ತಬೇಕು. ಉಬ್ಬದವುಗಳಿಗೆ ಅದೇ ಕ್ರಮವನ್ನು ಇನ್ನೊಮ್ಮೆ ಮಾಡಬೇಕು. ಸ್ವಲ್ಪವೇ ಬೀಜಗಳಿದ್ದರೆ ಕಣ್ಣಿನ ಭಾಗವನ್ನು ಬಿಟ್ಟು ಮತ್ತೊಂದು ಬದಿಯನ್ನು ಒರಟು ಕಲ್ಲಿಗೆ ತಿಕ್ಕಿ, ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದರೂ ಆಗುವುದು. ಹೀಗೆ ಸಿದ್ಧಪಡಿಸಿದ ಬೀಜಗಳು ಒಂದೆರಡು ವಾರಗಳಲ್ಲಿ ಮೊಳೆಯುತ್ತವೆ. ಫಾಲ್ಗುಣದಲ್ಲಿ ಚೀಲಗಳಲ್ಲಿ ಬಿತ್ತಿದರೆ ಮುಂಗಾರಿನ ವೇಳೆಗೆ ಹಚ್ಚಲು ತಕ್ಕ ಸಸಿಗಳಾಗುವವು.

ಮೂರು ಅಡಿ ಉದ್ದ, ಅಗಲ, ಆಳದ ತಗ್ಗನ್ನು ಬೇಸಗೆಯಲ್ಲಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಡನೆ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ತುಂಬಬೇಕು. ಧಾರವಾಡದ ಮಸಾರಿ ಭೂಮಿಯಲ್ಲಿ ಇಷ್ಟೇ ಸಾಕು. ಹುಬ್ಬಳ್ಳಿಯ ಕಡೆಯ ಎರೆಭೂಮಿಯಲ್ಲಿ ನೀರು ನಿಲ್ಲುವುದರಿಂದ, ಸಾಧ್ಯವಿದ್ದಷ್ಟು ಮಸಾರಿ ಮಣ್ಣನ್ನು ಬೆರೆಸಿ, ಸಸಿಯ ಬುಡವನ್ನು ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಿಸಬೇಕು. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೊಮ್ಮೆ ನೀರು ಹಾಕಿ, ದನಕರುಗಳಿಂದ ರಕ್ಷಿಸಲು ಮುಳ್ಳಿನ ಬೇಲಿ ಕಟ್ಟಬೇಕು. ಬೀಜದಿಂದ ಮಾಡಿದ ಸಸಿಯಲ್ಲಿ ತಾಯಿಮರದ ಬಣ್ಣವೇ ಬರುವುದೆಂಬ ಭರವಸೆಯಿಲ್ಲ. ಕಡುಗೆಂಪಿನಿಂದ ಕಿತ್ತಳೆಯವರೆಗೆ ಬಣ್ಣಗಳು ಬೇರೆಬೇರೆಯಾಗುವವು. ಅಪರೂಪವಾಗಿ ಹಳದಿಯ ಹೂ ಬಿಡುವ ಮರಗಳೂ ಇವೆ.

ಒಟ್ಟಿನಲ್ಲಿ ಗುಲಮೊಹರವು ಬೇಡುವ ಆರೈಕೆಯು ಬಹಳ ಅಲ್ಪ. ಮಳೆಗಾಲದಲ್ಲಿ ಎಲೆ, ಚಳಿಗಾಲದಲ್ಲಿ ವಿಶ್ರಾಂತಿ, ಬೇಸಗೆಯಲ್ಲಿ ಹೂವು ಎಂಬ ಅದರ ಕ್ರಮಕ್ಕೆ ಅಡ್ಡಿ ಬಾರದಿದ್ದರೆ ಸಾಕು. ಹೂ ಬಿಡದ ಮರವನ್ನು ಕಡಿಸುವ ಮೊದಲು ಒಂದು ವರ್ಷ ಅದರ ತುದಿಗಳನ್ನು ಮುಟ್ಟದೆ, ಬೇಸಗೆಯ ನೀರನ್ನು ನಿಲ್ಲಿಸಿ ನೋಡತಕ್ಕದ್ದು. ಮೃಗಶಿರಾ ಮಳೆಗೆ ಹೂವು ನೆಲಕ್ಕೆ ಹಾಸಿದ ಮೇಲೆ ಗರಗಸವನ್ನೆತ್ತಿದರೆ ಮರವೂ ಉಳಿಯುವುದು, ತಂತಿಯೂ ಉಳಿಯುವುದು, ಮುಂದಿನ ವೈಶಾಖದ ಹೂವೂ ಉಳಿಯುವುದು.